ಅನಿಮೆ ನೋಡುಗರ ಮಾತುಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕುಂಬಳೆ, ನೀರ್ಚಾಲು, ಬದಿಯಡ್ಕ, ಮಂಜೇಶ್ವರ ಕಡೆಗಳ ಕನ್ನಡ ಬಲ್ಲ ಅನಿಮೆ ನೋಡುಗರು ತಿಂಗಳಿಗೊಮ್ಮೆ ಗ್ರಂಥಾಲಯವೊಂದರ ಮಹಡಿಯ ಕೋಣೆಯಲ್ಲಿ ಸೇರಿ, ಆ ತಿಂಗಳು ನೋಡಲೆಂದು ಗೊತ್ತುಮಾಡಿಕೊಂಡ ಸರಣಿಯ ಬಗ್ಗೆ ಮಾತನಾಡುತ್ತಾರೆ. ಹೊಸದಾಗಿ ಬರುವವರೂ ಅವರ ಹೆತ್ತವರೂ ಕೆಲವೊಮ್ಮೆ ಹಳಬರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸರಣಿಗಳ ಬಗೆಗಿನ ಅಭಿಪ್ರಾಯಗಳು ಬರೆದವರವು. ಕೂಟದಲ್ಲಿ ಅವುಗಳನ್ನು ಒಪ್ಪದವರು ಸಾಕಷ್ಟು ಜನರಿದ್ದಾರೆ.

ಕೂಟದಲ್ಲಿ ಅನಿಮೆ ತೋರಿಸುತ್ತೀರಾ?

ಇಲ್ಲ. ಸ್ಟ್ರೀಮಿಂಗ್ ವೇದಿಕೆಗಳಿಗೆ ನಾವು ಕಟ್ಟುವ ಚಂದಾ ಸ್ವಂತ ವೀಕ್ಷಣೆಗೆ ಮಾತ್ರ. ಹತ್ತಾರು ಜನರನ್ನು ಕೂರಿಸಿ ಪ್ರೊಜೆಕ್ಟರಿನಲ್ಲಿ ತೋರಿಸಬೇಕಾದರೆ ಹಕ್ಕುದಾರರ ಅನುಮತಿ ಬೇಕು, ಅದು ನಮ್ಮಂಥ ಸಣ್ಣ ಕೂಟದ ಕೈಗೆ ಎಟಕುವ ವಿಷಯವಲ್ಲ. ಆದ್ದರಿಂದ ಎಲ್ಲರೂ ಮನೆಯಲ್ಲಿ ನೋಡಿ ಬರುತ್ತಾರೆ, ಇಲ್ಲಿ ಮಾತು ಮಾತ್ರ ನಡೆಯುತ್ತದೆ. ಚಿತ್ರವೇ ಪ್ರಧಾನವಾದ ಕಲೆಯ ಬಗ್ಗೆ ಚಿತ್ರವಿಲ್ಲದೆ ಮಾತನಾಡುವುದು ಹೇಗೆ ಎಂದು ಹೊರಗಿನವರು ಕೇಳಬಹುದು. ಆದರೆ ವೇಷವೂ ಕುಣಿತವೂ ಇಲ್ಲದೆ ಅರ್ಥಧಾರಿಗಳ ಮಾತಿನಿಂದಲೇ ಇಡೀ ಪ್ರಸಂಗ ನಡೆಯುವ ತಾಳಮದ್ದಳೆಯನ್ನು ಮಳೆಗಾಲದುದ್ದಕ್ಕೂ ಕೇಳುವ, ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಇದಕ್ಕೆ ಹೆಚ್ಚಿನ ವಿವರಣೆ ಬೇಕಾಗಲಾರದು. ಕೂಟದ ಕ್ರಮವೂ ಅಲ್ಲಿಂದಲೇ ಬಂದದ್ದು: ಒಬ್ಬರು ಪಾತ್ರದ ಪರ ವಹಿಸುತ್ತಾರೆ, ಇನ್ನೊಬ್ಬರು ಎದುರು ಕುಳಿತು ಪ್ರಶ್ನಿಸುತ್ತಾರೆ, ಉಳಿದವರು ಕೇಳುತ್ತಾರೆ.

ಅನಿಮೆ ಎಂದರೆ ಕಾರ್ಟೂನೇ ಅಲ್ಲವೇ?

ಜಪಾನಿನಲ್ಲಿ ತಯಾರಾದ ಆನಿಮೇಷನ್ ಎಂದಷ್ಟೇ ತಿಳಿದರೆ ಸಾಕು. ಹೆಸರು ಗೊತ್ತಿಲ್ಲದೆಯೇ ಇದನ್ನು ನೋಡಿದವರು ಇಲ್ಲಿನ ಹಿರಿಯರಲ್ಲಿಯೂ ಇದ್ದಾರೆ. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಮೋಗ್ಲಿ ಜಪಾನಿನ ನಿಪ್ಪೋನ್ ಆನಿಮೇಷನ್ ಸಂಸ್ಥೆ ತಯಾರಿಸಿದ 52 ಕಂತುಗಳ ಸರಣಿ. ಯೂಗೊ ಸಾಕೊ ಮತ್ತು ರಾಮ್ ಮೋಹನ್ ಅವರು ಕೈಜೋಡಿಸಿ ರೂಪಿಸಿದ ರಾಮಾಯಣವೂ ಇಂಡೋ–ಜಪಾನೀ ಅನಿಮೆಯೇ.

‘ಬರವಣಿಗೆ ಚೆನ್ನಾಗಿದೆ’ ಎಂದು ಕೂಟದಲ್ಲಿ ಹೇಳುವುದು ಯಾವ ಅರ್ಥದಲ್ಲಿ?

ಅತಿ ಹೆಚ್ಚು ವಾದಕ್ಕೆ ಕಾರಣವಾಗುವ ಪ್ರಶ್ನೆ ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗುತ್ತದೆ. ಚಿತ್ರಗಳು ಸುಂದರವಾಗಿರುವುದು, ಹೊಡೆದಾಟ ರೋಮಾಂಚಕವಾಗಿರುವುದು, ಹಾಡು ಕಿವಿಯಲ್ಲಿ ಉಳಿಯುವುದು, ಕೊನೆಗೆ ಕಣ್ಣೀರು ಬರುವುದು, ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಅವು ಬರವಣಿಗೆಯ ಗುಣಗಳಲ್ಲ. ಕಥೆಯಲ್ಲಿ ನಡೆಯುವ ಘಟನೆ ಪಾತ್ರಗಳು ಕೈಗೊಂಡ ತೀರ್ಮಾನಗಳಿಂದ ಹುಟ್ಟಿಕೊಳ್ಳುತ್ತದೆಯೇ, ಅಥವಾ ಕಥೆಗಾರನಿಗೆ ಬೇಕೆಂಬ ಕಾರಣಕ್ಕೆ ಬಂದೆರಗುತ್ತದೆಯೇ ಎಂಬುದನ್ನು ನಾವು ಮೊದಲು ನೋಡುತ್ತೇವೆ.

ನವೋಕಿ ಉರಸಾವ ಅವರ ಮಂಗಾವನ್ನು (ಜಪಾನೀ ಕಾಮಿಕ್ಸ್) ಆಧರಿಸಿ ಮ್ಯಾಡ್‌ಹೌಸ್ ಸ್ಟುಡಿಯೋ 2004–05ರಲ್ಲಿ ತಯಾರಿಸಿದ ‘ಮಾನ್‌ಸ್ಟರ್’ ಸರಣಿಯ ಆರಂಭವನ್ನೇ ತೆಗೆದುಕೊಳ್ಳಬಹುದು. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಮಿದುಳಿನ ಶಸ್ತ್ರಚಿಕಿತ್ಸಕನಾಗಿರುವ ಕೆಂಜೊ ಟೆನ್ಮಾ, ಮೇಲಿನವರ ಆದೇಶದಂತೆ, ಮೊದಲು ಬಂದಿದ್ದ ತುರ್ಕಿಯ ಕಾರ್ಮಿಕನನ್ನು ಬಿಟ್ಟು ಪ್ರಸಿದ್ಧ ಗಾಯಕನ ಶಸ್ತ್ರಚಿಕಿತ್ಸೆ ಮಾಡುತ್ತಾನೆ. ಕಾರ್ಮಿಕ ಸಾಯುತ್ತಾನೆ, ಅವನ ಹೆಂಡತಿ ಟೆನ್ಮಾನ ಮುಂದೆ ನಿಂತು ನಮ್ಮವರು ಮೊದಲು ಬಂದಿದ್ದರಲ್ಲವೇ ಎಂದು ಕೇಳುತ್ತಾಳೆ. ಕೆಲವೇ ದಿನಗಳಲ್ಲಿ ತಲೆಗೆ ಗುಂಡೇಟು ತಗುಲಿದ ಹುಡುಗನೊಬ್ಬನೂ, ಅವನ ನಂತರ ನಗರದ ಮೇಯರನೂ ಆಸ್ಪತ್ರೆಗೆ ಬರುತ್ತಾರೆ. ಈ ಸಲ ಟೆನ್ಮಾ ಆದೇಶವನ್ನು ಮೀರಿ ಹುಡುಗನ ಶಸ್ತ್ರಚಿಕಿತ್ಸೆಗೆ ನಿಲ್ಲುತ್ತಾನೆ. ಮೇಯರ್ ಸಾಯುತ್ತಾನೆ, ಟೆನ್ಮಾನ ಹುದ್ದೆಯೂ ಹೋಗುತ್ತದೆ. ಉಳಿಸಿದ ಆ ಹುಡುಗ ಏನಾದ ಎಂಬುದೇ ಮುಂದಿನ ಕಥೆ, ಒಟ್ಟು 74 ಕಂತು. ಟೆನ್ಮಾ ಮಾಡಿದ್ದು ಸರಿಯೇ ತಪ್ಪೇ ಎಂದು ಸರಣಿ ತೀರ್ಪು ಕೊಡಲು ಅವಸರಪಡುವುದಿಲ್ಲ, ಆದರೆ ಮೊದಲನೆಯ ಅನ್ಯಾಯ ಇಲ್ಲದಿದ್ದರೆ ಎರಡನೆಯ ತೀರ್ಮಾನವೂ ಇರುತ್ತಿರಲಿಲ್ಲ ಎಂಬುದು ನೋಡುವವರಿಗೆ ಸ್ಪಷ್ಟವಾಗಿರುತ್ತದೆ. ಕೂಟದಲ್ಲಿ ಇದರ ಮಾತು ಬಂದಾಗ ಅಡಿಕೆ ತೋಟದ ಕೆಲಸ ಮುಗಿಸಿ ಬಂದಿದ್ದ ಹಿರಿಯರೊಬ್ಬರು, “ಆ ಮೇಯರನಿಗೂ ಹೆಂಡತಿ ಮಕ್ಕಳು ಇರಲಿಲ್ಲವೇ? ಅವರು ಬಂದು ಕೇಳಿದ್ದರೆ ಡಾಕ್ಟರು ಏನು ಹೇಳುತ್ತಿದ್ದರು?” ಎಂದು ಕೇಳಿದರು. ಅಂದಿನ ಉಳಿದ ಹೊತ್ತೆಲ್ಲ ಆ ಒಂದು ಪ್ರಶ್ನೆಗೇ ಸಂದಿತು. ಅಷ್ಟು ಗಟ್ಟಿಯಾದ ಪ್ರಶ್ನೆಯನ್ನು ತಡೆದುಕೊಳ್ಳುವ ಕಥೆಯನ್ನು ಚೆನ್ನಾಗಿ ಬರೆದ ಕಥೆ ಎನ್ನಲು ನಮಗೆ ಸಂಕೋಚವಿಲ್ಲ.

ಇದಕ್ಕೆ ದೊಡ್ಡ ಘಟನೆಗಳೇ ಬೇಕೆಂದಿಲ್ಲ. 2023ರಲ್ಲಿ ಬಂದ ‘ಫ್ರೀರೆನ್’ ಶುರುವಾಗುವುದೇ ದೈತ್ಯರಾಜನ ಸಂಹಾರವೆಲ್ಲ ಮುಗಿದ ಮೇಲೆ. ಸಾವಿರಾರು ವರ್ಷ ಬದುಕುವ ಫ್ರೀರೆನ್‌ಗೆ ಸಂಗಡಿಗರೊಂದಿಗೆ ಕಳೆದ ಹತ್ತು ವರ್ಷಗಳು ಕಣ್ಣು ಮಿಟುಕಿಸಿದಷ್ಟೇ ಹೊತ್ತು. ಐವತ್ತು ವರ್ಷಗಳ ಬಳಿಕ ಹಿಂದಿರುಗಿದಾಗ ವೀರ ಹಿಮ್ಮೆಲ್ ಬೋಳುತಲೆಯ ಕುಳ್ಳ ಮುದುಕನಾಗಿರುತ್ತಾನೆ, ಹೆಚ್ಚು ಕಾಲ ಕಳೆಯದೆ ತೀರಿಕೊಳ್ಳುತ್ತಾನೆ. ಅಂತ್ಯಕ್ರಿಯೆಯಲ್ಲಿ ಇವಳ ಕಣ್ಣಲ್ಲಿ ಹನಿ ನೀರಿಲ್ಲವೆಂದು ಜನ ಪಿಸುಗುಟ್ಟುತ್ತಾರೆ. ಆಮೇಲೆ, ಮನುಷ್ಯರ ಆಯುಷ್ಯ ಚಿಕ್ಕದೆಂದು ಗೊತ್ತಿದ್ದೂ ಅವನನ್ನು ಅರಿತುಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಎಂದು ಅವಳು ಅಳತೊಡಗುತ್ತಾಳೆ. ಇಪ್ಪತ್ತೆಂಟು ಕಂತುಗಳ ಪ್ರಯಾಣಕ್ಕೆ ಬೇಕಾದ ಕಾರಣವೆಲ್ಲ ಆ ಒಂದು ದೃಶ್ಯದಲ್ಲೇ ಸಿದ್ಧವಾಗಿಬಿಡುತ್ತದೆ.

ಅನಿರೀಕ್ಷಿತ ತಿರುವುಗಳಿರುವ ಸರಣಿಯನ್ನು ಒಳ್ಳೆಯ ಬರವಣಿಗೆ ಎನ್ನಬಹುದಲ್ಲವೇ?

ತಿರುವು ಬಂದ ಮೇಲೆ ಹಿಂದಿನ ಕಂತುಗಳನ್ನು ಮತ್ತೆ ನೋಡಿದರೆ ಅವು ಬಲಗೊಳ್ಳಬೇಕು. ಪೊಳ್ಳಾಗಿ ಕಂಡರೆ ಅದು ಬರೀ ಚಮತ್ಕಾರ. ಗೆನ್ ಉರೊಬುಚಿ ಬರೆದ, 2011ರ 12 ಕಂತುಗಳ ‘ಮದೋಕಾ ಮ್ಯಾಜಿಕಾ’ವನ್ನು ನಾವು ಇದಕ್ಕೆ ಉದಾಹರಣೆಯಾಗಿ ಕೊಡುತ್ತೇವೆ. ಮೂರನೆಯ ಕಂತಿನಲ್ಲಿ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಹುಡುಗಿಯರ ಮುಂದೆ ಒಪ್ಪಂದವಿಡುವ ಕ್ಯೂಬೆಯ ಮಾತುಗಳನ್ನು ಎರಡನೆಯ ಬಾರಿ ಗಮನವಿಟ್ಟು ಕೇಳಿದರೆ, ಅವನು ನೇರವಾಗಿ ಸುಳ್ಳು ಹೇಳುವುದೇ ಇಲ್ಲ, ಯಾರೂ ಕೇಳದೇ ಇದ್ದುದನ್ನು ಹೇಳದೆ ಬಿಡುತ್ತಾನೆ ಅಷ್ಟೇ ಎಂಬುದು ತಿಳಿಯುತ್ತದೆ. ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕಿದ ಅನುಭವವುಳ್ಳವರು ಈ ಸರಣಿಯನ್ನು ಮಕ್ಕಳಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಸರಣಿಯ ಬರವಣಿಗೆಗೆ ಯಾರನ್ನು ಹೊಣೆ ಮಾಡಬೇಕು? ಮಂಗಾ ಬರೆದವರನ್ನೋ, ನಿರ್ದೇಶಕರನ್ನೋ?

ಹೆಚ್ಚಿನ ಸರಣಿಗಳ ಹೆಸರುಪಟ್ಟಿಯಲ್ಲಿ ‘ಸೀರೀಸ್ ಕಾಂಪೊಸಿಷನ್’ ಎಂಬ ಒಂದು ಹೊಣೆಯನ್ನು ಬೇರೆಯಾಗಿ ಕಾಣಿಸಿರುತ್ತಾರೆ. ಮೂಲ ಕೃತಿಯ ಎಷ್ಟು ಭಾಗ ಯಾವ ಕಂತಿಗೆ ಬರಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಹಿಂದುಮುಂದು ಮಾಡಬೇಕು ಎಂಬ ಒಟ್ಟು ಕಟ್ಟುವಿಕೆ ಆ ಬರಹಗಾರರ ಕೆಲಸ. ಬಿಡಿ ಕಂತುಗಳ ಚಿತ್ರಕಥೆಯನ್ನು ಅವರ ಜೊತೆಗೆ ಬೇರೆ ಬರಹಗಾರರೂ ಬರೆಯಬಹುದು, ಆಮೇಲೆ ಸ್ಟೋರಿಬೋರ್ಡ್ ಬರೆಯುವವರು ಅದನ್ನು ದೃಶ್ಯಗಳಾಗಿ ಒಡೆಯುತ್ತಾರೆ. ನಮಗೆ ಇಷ್ಟವಾದ ಒಂದು ಮೌನ ಮಂಗಾದಲ್ಲಿ ಇತ್ತೇ, ಚಿತ್ರಕಥೆಯಲ್ಲಿ ಬಂತೇ, ಸ್ಟೋರಿಬೋರ್ಡಿನಲ್ಲಿ ಹುಟ್ಟಿತೇ ಎಂಬುದನ್ನು ಮೂಲ ಓದದೆ ಹೇಳುವುದು ಸಾಧ್ಯವಿಲ್ಲ. ಆದ್ದರಿಂದ ಮಂಗಾ ಓದಿದವರು ಕೂಟದಲ್ಲಿ ಒಬ್ಬರಾದರೂ ಇದ್ದರೆ ಉಪಕಾರವಾಗುತ್ತದೆ, ಪ್ರತಿ ದೃಶ್ಯಕ್ಕೂ “ಮಂಗಾದಲ್ಲಿ ಹೀಗಿಲ್ಲ” ಎನ್ನುವ ಅಭ್ಯಾಸ ಅವರಿಗಿಲ್ಲದಿದ್ದರೆ.

‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎರಡು ಇವೆ. ಯಾವುದನ್ನು ನೋಡಬೇಕು?

ಹಿರೋಮು ಅರಕಾವಾ ಅವರ ಮಂಗಾ 2001ರಿಂದ 2010ರವರೆಗೆ ಪ್ರಕಟವಾಯಿತು. 2003ರ ಸರಣಿ ತಯಾರಾಗುವಾಗ ಅದು ಅರ್ಧವೂ ಮುಗಿದಿರಲಿಲ್ಲವಾದ್ದರಿಂದ, ಬರಹಗಾರ ಶೋ ಐಕಾವಾ ಮತ್ತು ತಂಡ 51 ಕಂತುಗಳಿಗೆ ತಮ್ಮದೇ ದಾರಿ ಕಂಡುಕೊಂಡರು. 2009ರ ‘ಬ್ರದರ್‌ಹುಡ್’ ಮಂಗಾದ ದಾರಿಯನ್ನೇ ಹಿಡಿದು, ಮಂಗಾ ಮುಗಿದ ಹೊತ್ತಿಗೆ ಸರಿಯಾಗಿ 64 ಕಂತುಗಳಲ್ಲಿ ಮುಗಿಯಿತು. ಎರಡೂ ಬೋನ್ಸ್ ಸ್ಟುಡಿಯೋದವೇ.

‘ಬ್ರದರ್‌ಹುಡ್’ ಉತ್ತಮವೆಂಬುದು ಸಾಮಾನ್ಯ ಅಭಿಪ್ರಾಯ, ಒಟ್ಟು ಕಥೆಯ ಕಟ್ಟುವಿಕೆಯಲ್ಲಿ ಅದು ನಿಜವೂ ಹೌದು. ಆದರೆ ಮೊದಲಿನ ಕಥಾಭಾಗವನ್ನು ನೋಡುಗರು ಒಮ್ಮೆ ನೋಡಿದ್ದಾರೆ ಎಂಬ ಧೈರ್ಯದಲ್ಲಿ ಅದು ಆರಂಭದಲ್ಲಿ ಓಡುತ್ತದೆ. ಹ್ಯೂಸ್ ಎಂಬ ಅಧಿಕಾರಿಗೆ ಸಂಬಂಧಿಸಿದ ಒಂದು ಮುಖ್ಯ ಘಟನೆ 2003ರ ಸರಣಿಯಲ್ಲಿ ಬರುವುದು 25ನೆಯ ಕಂತಿನಲ್ಲಿ, ‘ಬ್ರದರ್‌ಹುಡ್’ನಲ್ಲಿ 10ನೆಯ ಕಂತಿನಲ್ಲಿ. ಮಗಳ ಭಾವಚಿತ್ರವನ್ನು ಸಿಕ್ಕಸಿಕ್ಕವರಿಗೆ ತೋರಿಸುತ್ತ ತಿರುಗುವ ಆ ಮನುಷ್ಯನೊಂದಿಗೆ ಇಪ್ಪತ್ತನಾಲ್ಕು ಕಂತು ಕಳೆದವರಿಗೂ ಒಂಬತ್ತು ಕಂತು ಕಳೆದವರಿಗೂ ಆ ಘಟನೆ ಒಂದೇ ಬಗೆಯಲ್ಲಿ ತಟ್ಟುವುದಿಲ್ಲ. ಬರವಣಿಗೆಯಲ್ಲಿ ಏನು ಬರೆದಿದ್ದಾರೆ ಎಂಬುದರಷ್ಟೇ, ಅದಕ್ಕೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದೂ ಮುಖ್ಯ ಎನ್ನುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಸಮಯವಿದ್ದವರು 2003ರದನ್ನು ಮೊದಲು ನೋಡಲಿ ಎಂಬುದು ಈ ಉತ್ತರ ಬರೆದವರ ಸಲಹೆ. ಅದರ ಕೊನೆಯ ಭಾಗ ಎಲ್ಲೆಲ್ಲಿಗೋ ಹೋಗುತ್ತದೆ ಎಂಬ ಆಕ್ಷೇಪಕ್ಕೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ.

‘ಡೆತ್ ನೋಟ್’ ಅರ್ಧದ ನಂತರ ಹಾಳಾಯಿತು ಎಂಬುದು ನಿಜವೇ?

25ನೆಯ ಕಂತನ್ನು ದಾಟಿದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಸುಗುಮಿ ಓಬಾ ಬರೆದು ತಾಕೆಶಿ ಓಬಾತಾ ಚಿತ್ರ ಬಿಡಿಸಿದ ಮಂಗಾದಲ್ಲಿ ಒಟ್ಟು 108 ಅಧ್ಯಾಯಗಳಿವೆ, ಆ ದೊಡ್ಡ ಘಟನೆ ನಡೆಯುವುದು 58ನೆಯದರಲ್ಲಿ. ಅನಿಮೆ ಆ ಮೊದಲ ಭಾಗಕ್ಕೆ 25 ಕಂತು ಕೊಟ್ಟು, ಉಳಿದ 50 ಅಧ್ಯಾಯಗಳನ್ನು 12 ಕಂತುಗಳಲ್ಲಿ ಮುಗಿಸಿದೆ. ಹೊಸ ಎದುರಾಳಿಗಳು ಹಳಬನಷ್ಟು ತೂಕದವರಲ್ಲ ಎಂಬುದು ಮಂಗಾದ ದೋಷವಾದರೂ ಇರಬಹುದು, ಅವರು ನಮಗೆ ಪರಿಚಯವೇ ಆಗುವುದಿಲ್ಲ ಎಂಬುದು ಮಾತ್ರ ಅನಿಮೆಯ ದೋಷ. ಈ ಎರಡು ದೂರುಗಳನ್ನು ಬೇರೆಬೇರೆಯಾಗಿ ಹೇಳಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಎಷ್ಟೋ ಸರಣಿಗಳು ಕಥೆ ಮುಗಿಯುವ ಮೊದಲೇ ನಿಂತುಬಿಡುತ್ತವೆ. ಏಕೆ?

ಅನಿಮೆಗೆ ಹಣ ಹಾಕುವುದು ಸಾಮಾನ್ಯವಾಗಿ ಸ್ಟುಡಿಯೋ ಅಲ್ಲ. ಪ್ರಕಾಶನ ಸಂಸ್ಥೆ, ಟಿವಿ ವಾಹಿನಿ, ಸಂಗೀತ ಕಂಪನಿ, ಆಟಿಕೆ ತಯಾರಕರು ಮುಂತಾದವರು ಸೇರಿ ಮಾಡಿಕೊಂಡ ತಯಾರಿಕಾ ಸಮಿತಿ. ನಷ್ಟವಾದರೆ ಎಲ್ಲರೂ ಹಂಚಿಕೊಳ್ಳುತ್ತಾರೆ, ಲಾಭ ಬಂದರೆ ತಂತಮ್ಮ ದಾರಿಯಲ್ಲಿ ಪಡೆಯುತ್ತಾರೆ. ಪ್ರಕಾಶಕರ ಮಟ್ಟಿಗೆ ಅನಿಮೆ ಪುಸ್ತಕ ಮಾರಾಟಕ್ಕೆ ಒಳ್ಳೆಯ ಜಾಹೀರಾತು. ಕಥೆಯ ಆರಂಭವನ್ನು ಮೂರು ತಿಂಗಳು ತೋರಿಸಿ, ಮುಂದೇನೆಂದು ಓದಿ ತಿಳಿಯಿರಿ ಎಂದರೆ ಅವರ ಕೆಲಸ ಆಯಿತು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹೊಸ ಸರಣಿಗಳು ಶುರುವಾಗುವ ಪದ್ಧತಿಯಲ್ಲಿ ಒಂದು ಅವಧಿಗೆ ಸಿಗುವುದು 12 ಅಥವಾ 13 ಕಂತು ಮಾತ್ರ. ಆದ್ದರಿಂದ ಅರ್ಧಕ್ಕೆ ನಿಂತ ಸರಣಿಯನ್ನು ಟೀಕಿಸುವಾಗ ಬರಹಗಾರರಿಗೆ ದೊರಕಿದ ಅವಕಾಶವೆಷ್ಟು ಎಂಬುದನ್ನೂ ಗಮನಿಸಬೇಕು. ನಿಲ್ಲಿಸಲೇಬೇಕಾದ ಜಾಗವನ್ನು ಮೊದಲೇ ಅರಿತು, ಅಲ್ಲಿಗೊಂದು ನೆಲೆ ಕಟ್ಟಿಕೊಡುವವರೂ ಇದ್ದಾರೆ, ಹನ್ನೆರಡನೆಯ ಕಂತಿನ ಕೊನೆಯಲ್ಲಿ ಹೊಸ ಶತ್ರುವಿನ ನೆರಳು ತೋರಿಸಿ ಹೊರಡುವವರೂ ಇದ್ದಾರೆ.

ಫಿಲ್ಲರ್ ಕಂತುಗಳನ್ನು ಬಿಟ್ಟು ನೋಡಿದರೆ ತೊಂದರೆಯೇ?

ಇಲ್ಲ. ವಾರಪತ್ರಿಕೆಯಲ್ಲಿ ವಾರಕ್ಕೊಂದು ಅಧ್ಯಾಯ ಬರುವಾಗ ಅನಿಮೆ ವಾರಕ್ಕೆ ಎರಡು ಮೂರು ಅಧ್ಯಾಯಗಳನ್ನು ನುಂಗಿದರೆ ಬೇಗನೆ ಮೂಲವನ್ನು ಮುಟ್ಟಿಬಿಡುತ್ತದೆ. ಆಗ ಮಂಗಾದಲ್ಲಿಲ್ಲದ ಕಥೆಗಳನ್ನು ತುಂಬುವುದು ಒಂದು ಉಪಾಯ, ಇರುವ ಕಥೆಯನ್ನೇ ಎಳೆಯುವುದು ಇನ್ನೊಂದು. 220 ಕಂತುಗಳ ಮೊದಲ ‘ನರುತೊ’ದ ಕೊನೆಯ ಎಂಬತ್ತರಷ್ಟು ಕಂತುಗಳು ಬಹುಪಾಲು ಮೊದಲ ಉಪಾಯದವು. 1999ರಿಂದ ನಡೆಯುತ್ತಿರುವ ‘ವನ್ ಪೀಸ್’ ಹೆಚ್ಚಾಗಿ ಎರಡನೆಯದನ್ನು ನೆಚ್ಚಿಕೊಂಡಿತು. ಬಿಟ್ಟುಬಿಡಬಹುದಾದ ಕಂತುಗಳೇ ಎಳೆದ ಕಂತುಗಳಿಗಿಂತ ವಾಸಿ ಎಂಬುದು ನಮ್ಮ ಅನಿಸಿಕೆ.

ಸಬ್‌ಟೈಟಲ್ ಉತ್ತಮವೇ, ಡಬ್ ಉತ್ತಮವೇ? ಕನ್ನಡದಲ್ಲಿ ಏಕೆ ಹೆಚ್ಚಾಗಿ ಸಿಗುವುದಿಲ್ಲ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದು ಒಳ್ಳೆಯದು. ಅನಿಮೆಗೆ ಮೀಸಲಾದ ಕ್ರಂಚಿರೋಲ್‌ನಲ್ಲಿ ಭಾರತದ ನೋಡುಗರಿಗಾಗಿ ಹಿಂದಿ, ತಮಿಳು, ತೆಲುಗು ಡಬ್‌ಗಳು ಬರುತ್ತವೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ಚಿತ್ರೋದ್ಯಮದ ವಿರೋಧ ದಶಕಗಳ ಕಾಲ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ಅಘೋಷಿತ ನಿಷೇಧವನ್ನು ಕಾನೂನುಬಾಹಿರವೆಂದು ಹೇಳಿ ದಂಡ ವಿಧಿಸಿತು. ಅದಾದ ಮೇಲೆ ಬೇರೆ ಭಾಷೆಗಳ ಚಲನಚಿತ್ರಗಳು ಕನ್ನಡಕ್ಕೆ ಬರತೊಡಗಿದವು. ಆದರೆ ತಮಿಳು, ತೆಲುಗುಗಳಲ್ಲಿ ಅಷ್ಟು ವರ್ಷಗಳಿಂದ ಬೆಳೆದ ಡಬ್ಬಿಂಗ್ ಕಲಾವಿದರ ಬಳಗವೂ, ಡಬ್ ನೋಡುವ ಅಭ್ಯಾಸವಿರುವ ನೋಡುಗರೂ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಕಾಸರಗೋಡಿನವರಾದ ನಮಗೆ ಇನ್ನೊಂದು ವಿಚಿತ್ರವೂ ಇದೆ: ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಅನಿಮೆ ಹೆಚ್ಚಾಗಿ ಸಿಗುವುದು ಈ ಯಾವುದೂ ಅಲ್ಲದ ತಮಿಳಿನಲ್ಲಿ. ಮಲಯಾಳ ಬಲ್ಲ ಮಕ್ಕಳು ತಮಿಳು ಡಬ್ಬನ್ನು ಹೇಗೋ ಹಿಂಬಾಲಿಸುತ್ತಾರೆ, ಅಜ್ಜಿಯಂದಿರಿಗೆ ಅದು ಆಗುವುದಿಲ್ಲ.

ಇನ್ನು ಮೊದಲ ಪ್ರಶ್ನೆ. ಜಪಾನೀ ಧ್ವನಿಯೊಂದಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ನೋಡುವವರೇ ಕೂಟದಲ್ಲಿ ಹೆಚ್ಚು, ನಟನೆಯ ಮೂಲಧ್ವನಿ ಸಿಗುತ್ತದೆ ಎಂಬುದು ಅವರ ವಾದ. ಅದು ಸರಿ. ಆದರೆ ಅಡಿಬರಹ ಓದುವ ಕಣ್ಣು ಮುಖಭಾವವನ್ನು ಅಷ್ಟು ಹೊತ್ತು ಬಿಟ್ಟಿರುತ್ತದೆ, ಮೊಬೈಲಿನ ಸಣ್ಣ ಪರದೆಯಲ್ಲಂತೂ ಚಿತ್ರದ ಅರ್ಧ ಭಾಗ ಕಾಣದೇ ಹೋಗುತ್ತದೆ. ಇದರ ಜೊತೆಗೆ, ಜಪಾನೀ ವಾಕ್ಯವೂ ಕನ್ನಡದಂತೆ ಕ್ರಿಯಾಪದದಲ್ಲಿ ಮುಗಿಯುವುದರಿಂದ ಪಾತ್ರ ತಡೆತಡೆದು ಕೊನೆಗೆ ಹೇಳಬೇಕಾದ ಮಾತನ್ನು ಇಂಗ್ಲಿಷ್ ಸಾಲು ಮೊದಲೇ ತೋರಿಸಿಬಿಡುವುದುಂಟು. ತಪ್ಪೊಪ್ಪಿಗೆಯ ದೃಶ್ಯಗಳಲ್ಲಿ ಈ ನಷ್ಟ ಎದ್ದು ಕಾಣುತ್ತದೆ. ಡಬ್ಬಿನಲ್ಲಿ ಈ ತೊಂದರೆಗಳಿಲ್ಲ, ಬದಲಿಗೆ ತುಟಿಯ ಚಲನೆಗೆ ಹೊಂದಿಸಲು ಮಾತನ್ನು ಹಿಗ್ಗಿಸುವುದು, ಕುಗ್ಗಿಸುವುದು ಇರುತ್ತದೆ. ಮಾತು ಕಡಿಮೆಯಿರುವ, ಚಿತ್ರ ನೋಡಬೇಕಾದ ಸರಣಿಯನ್ನು ಸಬ್‌ಟೈಟಲ್‌ನೊಂದಿಗೆ, ಓಡುವ ಹಾಸ್ಯವನ್ನು ತಿಳಿದ ಭಾಷೆಯ ಡಬ್ಬಿನಲ್ಲಿ ನೋಡುವುದು ನಮ್ಮ ರೂಢಿ. ಯಾವುದರಲ್ಲಿ ನೋಡಿದಿರಿ ಎಂಬುದನ್ನು ಮಾತ್ರ ಚರ್ಚೆಯ ಮೊದಲೇ ಹೇಳಬೇಕು, ಸಂಭಾಷಣೆ ಕೃತಕವಾಗಿತ್ತು ಎಂಬ ಟೀಕೆ ಎಷ್ಟೋ ಸಲ ಡಬ್ಬಿನ ಮೇಲಿನ ಟೀಕೆಯಾಗಿರುತ್ತದೆ.

ವಾರಕ್ಕೊಂದು ಕಂತು ನೋಡಬೇಕೇ, ಒಟ್ಟಿಗೆ ನೋಡಬಹುದೇ?

ನೋಡುವ ವೇಗ ಬದಲಾದರೆ ಬರವಣಿಗೆಯೂ ಬೇರೆಯಾಗಿ ಕಾಣುತ್ತದೆ. 2009ರಲ್ಲಿ ‘ಹರುಹಿ ಸುಝುಮಿಯಾ’ ಸರಣಿಯಲ್ಲಿ ಬೇಸಿಗೆ ರಜೆಯ ಕೊನೆಯ ದಿನಗಳು ಮತ್ತೆಮತ್ತೆ ಮರುಕಳಿಸುವ ಕಥೆಯೊಂದನ್ನು ಎಂಟು ಕಂತುಗಳಲ್ಲಿ ಹೇಳಿದರು. ಎಂಟರಲ್ಲೂ ಹೆಚ್ಚುಕಡಿಮೆ ಅದೇ ಘಟನೆಗಳು, ಅದೇ ಮಾತುಗಳು. ಉಡುಪು ಮತ್ತು ಚಿತ್ರದ ಕೋನಗಳು ಮಾತ್ರ ಬೇರೆ. ವಾರವಾರ ಕಾದು ಕುಳಿತವರಿಗೆ ಎರಡು ತಿಂಗಳು ಅದೇ ಕಂತು ಸಿಕ್ಕಿತು, ಅವರ ಸಿಟ್ಟು ಇಂದಿಗೂ ಆರಿಲ್ಲ. ಇಂದು ಒಂದೇ ರಾತ್ರಿಯಲ್ಲಿ ನೋಡುವವರು ಮೂರನೆಯದಕ್ಕೆ ಬಂದಾಗಲೇ ಎಂಟನೆಯದಕ್ಕೆ ಹಾರುತ್ತಾರೆ, ಅವರಿಗೆ ಅದೊಂದು ತಮಾಷೆ. ಪಾತ್ರಗಳು ಅನುಭವಿಸುವ ಬೇಸರವನ್ನು ನೋಡುಗರೂ ಅನುಭವಿಸಲಿ ಎಂಬುದು ಉದ್ದೇಶವಾಗಿದ್ದರೆ ಅದು ಸಫಲವಾದದ್ದು ಮೊದಲ ಗುಂಪಿನವರಲ್ಲಿ ಮಾತ್ರ.

ಕೂಟಕ್ಕಾಗಿ ನೋಡುವಾಗ ದಿನಕ್ಕೆ ಎರಡು ಕಂತು ಸಾಕು. ಜೂನ್, ಜುಲೈ ತಿಂಗಳುಗಳಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಮಾಮೂಲಾದ್ದರಿಂದ, ನೆಟ್ ಇರುವಾಗಲೇ ನಾಲ್ಕೈದು ಕಂತು ಫೋನಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಅಂತರ್ಜಾಲದ ಅಂಕಗಳನ್ನು ನಂಬಬಹುದೇ?

ಒಂದು ಎಚ್ಚರಿಕೆಯೊಂದಿಗೆ. ಎರಡನೆಯ, ಮೂರನೆಯ ಸೀಸನ್‌ಗಳ ಅಂಕ ಮೊದಲನೆಯದಕ್ಕಿಂತ ಹೆಚ್ಚಿರುವುದು ಸಾಮಾನ್ಯ, ಏಕೆಂದರೆ ಮೊದಲನೆಯದು ಹಿಡಿಸದವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ. ಅಂಕ ಕೊಡಲು ಉಳಿದವರು ಅಭಿಮಾನಿಗಳೇ. ಮೂರನೆಯ ಸೀಸನ್ ಅದ್ಭುತವೆಂದು ಬರವಣಿಗೆ ಸುಧಾರಿಸಿದೆ ಎನ್ನಲಾಗುವುದಿಲ್ಲ.

ಬೇರೆ ಲೋಕದಲ್ಲಿ ಹುಟ್ಟುವ ಕಥೆಗಳೇ ಏಕೆ ಇಷ್ಟೊಂದು? ಹೆಸರುಗಳೇಕೆ ಅಷ್ಟು ಉದ್ದ?

ಇಸೆಕೈ ಎನಿಸಿಕೊಳ್ಳುವ ಈ ಬಗೆಯ ಅನೇಕ ಕಥೆಗಳು ಮೊದಲು ಬಂದದ್ದು ‘ಶೋಸೆತ್ಸುಕಾ ನಿ ನರೋ’ ಎಂಬ ಜಪಾನೀ ಜಾಲತಾಣದಲ್ಲಿ. ಅಲ್ಲಿ ಯಾರು ಬೇಕಾದರೂ ಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ಹಾಕಬಹುದು. ‘ರೀ:ಝೀರೋ’, ‘ಕೊನೊಸುಬಾ’, ‘ಮುಶೊಕು ಟೆನ್ಸೆಯ್’ ಅಲ್ಲಿಂದಲೇ ಬಂದವು. ಸಾವಿರಾರು ಹೆಸರುಗಳ ಪಟ್ಟಿಯಲ್ಲಿ ಓದುಗರು ಒಬ್ಬ ಬರಹಗಾರನ ಕಥೆಯನ್ನೇ ಆರಿಸಿ ಒತ್ತಬೇಕಾದರೆ ಹೆಸರೇ ಕಥಾಸಾರವಾಗಬೇಕು, ನಾಯಕ ಮೊದಲ ಅಧ್ಯಾಯದಲ್ಲೇ ಸತ್ತು ಹೊಸ ಲೋಕದಲ್ಲಿ ಕಣ್ಣು ಬಿಡಬೇಕು. ದಿನವೂ ಬರೆದು ಹಾಕುವ ಕ್ರಮದಿಂದಾಗಿ ಕೊನೆಯೆಂಬುದೂ ಮುಂದೆ ಮುಂದೆ ಹೋಗುತ್ತದೆ. ನಾಯಕನಿಗೆ ಎಲ್ಲ ಶಕ್ತಿಗಳೂ ಆರಂಭದಲ್ಲೇ ಒದಗಿದರೆ ಅವನ ತೀರ್ಮಾನಗಳಿಗೆ ಬೆಲೆಯೇ ಇರುವುದಿಲ್ಲ, ನಮ್ಮ ಆಕ್ಷೇಪ ಇಷ್ಟೇ. ಸತ್ತಾಗಲೆಲ್ಲ ಹಿಂದಿನ ಗಳಿಗೆಗೆ ಮರಳುವ ‘ರೀ:ಝೀರೋ’ದ ಸುಬಾರುವಿಗೆ ಪ್ರತಿ ತಪ್ಪೂ ನೋವಿನೊಂದಿಗೆ ನೆನಪಿರುತ್ತದೆ. ಅದೇ ಚೌಕಟ್ಟಿನಲ್ಲಿ ಒಳ್ಳೆಯ ಬರವಣಿಗೆ ಸಾಧ್ಯವೆಂಬುದಕ್ಕೆ ಅವನು ಸಾಕ್ಷಿ.

ಚರ್ಚೆಗೆ ಮೊದಲು ಕಥೆಯ ಕೊನೆ ಹೇಳಬಾರದೆಂಬ ನಿಯಮವಿದೆಯೇ?

ಆ ತಿಂಗಳ ಸರಣಿಯ ವಿಷಯದಲ್ಲಿ ಇಲ್ಲ. ಪೂರ್ತಿ ನೋಡಿ ಬರಬೇಕು, ನೋಡದವರು ಕೇಳಿಸಿಕೊಳ್ಳಲು ಸಿದ್ಧರಿರಬೇಕು. ಬೇರೆ ಸರಣಿಯ ಮಾತು ಎತ್ತುವವರು ಮಾತ್ರ ಮೊದಲು ಕೇಳಬೇಕು. ಕರ್ಣನ ರಥದ ಚಕ್ರ ಹೂತುಹೋಗುತ್ತದೆಂದು ಗೊತ್ತಿದ್ದೇ ಜನ ಕರ್ಣಪರ್ವ ಕೇಳಲು ಕೂರುತ್ತಾರೆ, ಆದರೆ ಜಪಾನಿನ ಹೊಸ ಕಥೆಯನ್ನು ಮೊದಲ ಬಾರಿ ನೋಡುತ್ತಿರುವ ಹುಡುಗಿಗೆ ಅದೇ ನ್ಯಾಯವನ್ನು ಹೇರುವುದು ಸರಿಯಲ್ಲ. ಕೊನೆ ಗೊತ್ತಾದ ಮೇಲೂ ನೋಡಿಸಿಕೊಳ್ಳುವ ಸರಣಿ ಯಾವುದು ಎಂಬುದನ್ನು ಎರಡನೆಯ ವೀಕ್ಷಣೆಗೆ ಬಿಡೋಣ.

ಮಕ್ಕಳನ್ನು ಕಳಿಸಬಹುದೇ? ‘ಶೋನೆನ್’ ಎಂದರೆ ಮಕ್ಕಳಿಗೆ ತಾನೇ?

ಶೋನೆನ್ (ಹುಡುಗ) ಎಂಬುದು ಮಂಗಾ ಪ್ರಕಟವಾದ ಪತ್ರಿಕೆ ಯಾವ ಓದುಗರನ್ನು ಉದ್ದೇಶಿಸಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಹಿಂಸೆ ಎಷ್ಟಿದೆ ಎಂಬುದನ್ನಲ್ಲ. ತಲೆ ಹಾರಿಸುವ ದೃಶ್ಯಗಳಿಂದ ತುಂಬಿದ ‘ಡೀಮನ್ ಸ್ಲೇಯರ್’, ಮನುಷ್ಯರನ್ನು ತಿನ್ನುವ ದೈತ್ಯರಿರುವ ‘ಅಟ್ಯಾಕ್ ಆನ್ ಟೈಟನ್’ ಎರಡೂ ಶೋನೆನ್ ಪತ್ರಿಕೆಗಳವೇ. 2021ರ ನಿಯಮಗಳ ಪ್ರಕಾರ ಒಟಿಟಿ ವೇದಿಕೆಗಳು ಯು, ಯು/ಎ 7+, 13+, 16+ ಮತ್ತು ಎ ಎಂಬ ವಯೋಸೂಚನೆ ತೋರಿಸಬೇಕು. ಹೆತ್ತವರು ನೋಡಬೇಕಾದದ್ದು ಅದನ್ನು. ಚಿತ್ರ ಮುದ್ದಾಗಿದೆಯೆಂದು ಮೋಸಹೋಗಬಾರದು. 1988ರಲ್ಲಿ ಜಿಬ್ಲಿ ಸ್ಟುಡಿಯೋದ ‘ಟೊಟೊರೊ’ ಮತ್ತು ಯುದ್ಧಕಾಲದಲ್ಲಿ ಅನಾಥರಾದ ಅಣ್ಣ–ತಂಗಿಯರ ಹಸಿವಿನ ಕಥೆಯಾದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಜಪಾನಿನ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟಿಗೆ ಜೋಡಿಯಾಗಿ ಬಿಡುಗಡೆಯಾಗಿದ್ದವು. ಕಾಡಿನ ಮೃದುಪ್ರಾಣಿಯನ್ನು ನೋಡಲು ಬಂದ ಮಕ್ಕಳ ಪಾಡನ್ನು ಊಹಿಸಿಕೊಳ್ಳಬಹುದು. ನಮ್ಮಲ್ಲಿ ಎಂಟನೆಯ ತರಗತಿಗಿಂತ ಕೆಳಗಿನವರು ಹೆತ್ತವರೊಂದಿಗೆ ಬರಬೇಕು.

ಹೊಸಬರು ಯಾವುದರಿಂದ ಆರಂಭಿಸಬೇಕು? ಎಷ್ಟು ಸಮಯ ಬೇಕಾಗುತ್ತದೆ?

ಒಂದು ಕಂತು ಸುಮಾರು 24 ನಿಮಿಷ. ಆರಂಭದ ಮತ್ತು ಕೊನೆಯ ಹಾಡುಗಳಿಗೆ ತಲಾ ಒಂದೂವರೆ ನಿಮಿಷ ಕಳೆದರೆ 21 ನಿಮಿಷದ ಕಥೆ. ಹೀಗೆ ನೋಡಿದರೆ 12 ಕಂತುಗಳ ಸರಣಿಗೆ ನಾಲ್ಕೂಕಾಲು ಗಂಟೆ ಸಾಕು, ಒಂದೂವರೆ ಕನ್ನಡ ಸಿನಿಮಾದಷ್ಟು. ‘ಮಾನ್‌ಸ್ಟರ್’ಗೆ 26 ಗಂಟೆ ಬೇಕು. ಪ್ರತಿ ಕಂತಿನಲ್ಲಿ ಪೂರ್ಣ ಕಥೆಯಿರುವ ‘ಮುಶಿಶಿ’ ಕಾದಂಬರಿ ಓದುವ ಹಿರಿಯರಿಗೆ ಹಿಡಿಸುತ್ತದೆ. ಎಲ್ಲಿಂದ ಬೇಕಾದರೂ ನೋಡಬಹುದು, ಒಂದನ್ನು ನೋಡಿ ಬಿಟ್ಟರೂ ನಷ್ಟವಿಲ್ಲ. ಹದಿಹರೆಯದವರಿಗೆ ಸಲಹೆ ಬೇಕಾಗಿಲ್ಲ, ಅವರು ಈಗಾಗಲೇ ನೋಡಿರುತ್ತಾರೆ.

ಚಿತ್ರಮಂದಿರದ ಬಿಡುಗಡೆಗಳಿಗೆ ಒಟ್ಟಾಗಿ ಹೋಗುತ್ತೀರಾ?

ಮಂಗಳೂರಿಗೆ ಬಂದಾಗ ಹೋಗುತ್ತೇವೆ. 2025ರ ಸೆಪ್ಟೆಂಬರ್ 12ರಂದು ಭಾರತದಲ್ಲಿ ಬಿಡುಗಡೆಯಾದ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಜಪಾನೀ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು. ಟಿಕೆಟ್ ತೆಗೆಯುವಾಗ ಭಾಷೆಯನ್ನು ಸರಿಯಾಗಿ ನೋಡಿಕೊಳ್ಳಿ. ರಾತ್ರಿಯ ಆಟಕ್ಕೆ ಹೋದರೆ ತಲಪಾಡಿ ದಾಟಿ ಬರುವ ಬಸ್ಸಿನ ವ್ಯವಸ್ಥೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಮಾತುಕತೆ ಯಾವ ಭಾಷೆಯಲ್ಲಿ ನಡೆಯುತ್ತದೆ?

ಕನ್ನಡದಲ್ಲಿ. ವಾದ ಬಿಸಿಯಾದಾಗ ತುಳು ಬರುತ್ತದೆ, ಯಾರೂ ತಡೆಯುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆಯುವುದು ಕನ್ನಡದಲ್ಲೇ.

ಮುಂದಿನ ಸರಣಿಯನ್ನು ಆರಿಸುವುದು ಹೇಗೆ?

ಸಭೆಯ ಕೊನೆಯಲ್ಲಿ ಯಾರು ಬೇಕಾದರೂ ಹೆಸರು ಸೂಚಿಸಬಹುದು. ಸೂಚಿಸುವವರು ಕನಿಷ್ಠ ಮೊದಲ ಮೂರು ಕಂತು ನೋಡಿರಬೇಕು, ಏಕೆ ನೋಡಬೇಕೆಂಬುದನ್ನು ಐದು ನಿಮಿಷದಲ್ಲಿ ಹೇಳಬೇಕು, ಸರಣಿ 28 ಕಂತು ಮೀರಬಾರದು. ಮೀರಿದವುಗಳನ್ನು ಭಾಗ ಮಾಡಿ ನೋಡಲು ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕು. ‘ಮಾನ್‌ಸ್ಟರ್’ ಹಾಗೆ ಬಂದದ್ದು. ‘ವನ್ ಪೀಸ್’ ಪ್ರತಿ ತಿಂಗಳೂ ಸೂಚಿತವಾಗುತ್ತದೆ, ಪ್ರತಿ ತಿಂಗಳೂ ಬಿದ್ದುಹೋಗುತ್ತದೆ.